ಕೊನೆಯ ಎರಡು ಸಾಲು ಎಲ್ಲಿ ಹೋದವು? ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಹಿತಿಯ ಹರಿವನ್ನು ನಿಯಂತ್ರಿಸುವ ಬಗೆ

ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ನಾನು ಬರೆದುಕೊಟ್ಟಿದ್ದ ಪ್ರೋಗ್ರಾಂ ದಿನಕ್ಕೊಮ್ಮೆ, ಸಂಜೆ ಮಾತ್ರ ಓಡುತ್ತಿತ್ತು. ಆ ದಿನ ಕಾಟಾದ ಮೇಲೆ ತೂಗಿದ ಭತ್ತದ ಲೋಡುಗಳ ಪಟ್ಟಿಯನ್ನು ತೆಗೆದುಕೊಂಡು, ಗೂಢಲಿಪಿಗೆ ತಿರುಗಿಸಿ, ಇಮೇಲ್‌ನಲ್ಲಿ ಕೆಡದೆ ಹೋಗುವಂಥ ಅಕ್ಷರಗಳಾಗಿ ಬದಲಿಸಿ ಒಂದು ಫೈಲಿಗೆ ಬರೆಯುವುದಷ್ಟೇ ಅದರ ಕೆಲಸ. ರಾಯಚೂರಿನಲ್ಲಿದ್ದ ಲೆಕ್ಕದವರು ನಾನೇ ಬರೆದ ಇನ್ನೊಂದು ಪ್ರೋಗ್ರಾಂನಿಂದ ಆ ಫೈಲನ್ನು ಬಿಚ್ಚಿ, ರೈತರಿಗೆ ಸಲ್ಲಬೇಕಾದ ಹಣದ ಲೆಕ್ಕ ಹಾಕುತ್ತಿದ್ದರು. ಮುಂಗಾರು ಭತ್ತದ ಕೊಯ್ಲು ಬಿರುಸಾಗಿದ್ದ ಒಂದು ರಾತ್ರಿ ಗಿರಣಿಯ ಗುಮಾಸ್ತರು ಫೋನ್ ಮಾಡಿದರು: “ಸರ್, ನಮ್ಮಲ್ಲಿ ಮೂವತ್ತೇಳು ಲೋಡ್ ಅದಾವ್ರಿ, ಅಲ್ಲಿ ಮೂವತ್ತೈದೇ ಬಂದಾವಂತ.” ಬಿಟ್ಟುಹೋಗಿದ್ದ ಎರಡೂ ಆ ದಿನ ಎಲ್ಲರಿಗಿಂತ ಕೊನೆಗೆ ತೂಗಿಸಿದ ಲೋಡುಗಳು. ಹಿಂದಿನ ದಿನಗಳ ಫೈಲುಗಳನ್ನು ತೆಗೆದು ನೋಡಿದರೆ ಅವುಗಳಲ್ಲಿಯೂ ಹೀಗೆಯೇ ಕೊನೆಯ ಒಂದೋ ಎರಡೋ ಸಾಲು ಇರಲಿಲ್ಲ, ಉಳಿದದ್ದೆಲ್ಲ ಅಕ್ಷರಶಃ ಸರಿಯಾಗಿತ್ತು. ಎರಡೂ ಪ್ರೋಗ್ರಾಂಗಳು ಒಮ್ಮೆಯೂ ದೋಷದ ಸಂದೇಶ ತೋರಿಸಿರಲಿಲ್ಲ.

ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ ಎಂಬ ದೂರು ನಮ್ಮ ಕಡೆ ಹೊಸದೇನಲ್ಲ. ಮೇಲಿನವರಿಗೆ ನೀರು ಹರಿಯುತ್ತಿರುವಾಗ ಕೆಳಗಿನವರ ಹೊಲ ಒಣಗಿದ್ದರೆ, ನೀರೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ನಡುವೆ ಎಲ್ಲೋ ನಿಂತಿದೆ ಎಂದು ಹುಡುಕಿಕೊಂಡು ಹೋಗುತ್ತಾರೆ. ನನ್ನ ಪ್ರೋಗ್ರಾಂನಲ್ಲಿಯೂ ಆ ಎರಡು ಸಾಲು ನಡುದಾರಿಯಲ್ಲಿ ನಿಂತಿದ್ದವು. ಅವು ಎಲ್ಲಿ ನಿಂತವು, ಏಕೆ ನಿಂತವು ಎಂಬುದನ್ನು ತಿಳಿಯಬೇಕಾದರೆ ಗೂಢಲಿಪಿಯ ಲೈಬ್ರರಿಯೊಂದು ಮಾಹಿತಿಯನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ, ಹೇಗೆ ಹೊರಗೆ ಬಿಡುತ್ತದೆ, ಆ ಹರಿವಿಗೆ ನಾವು ಆಜ್ಞೆ ಕೊಡುವ ದಾರಿ ಯಾವುದು ಎಂಬುದನ್ನು ಬುಡದಿಂದ ನೋಡಬೇಕು.

ಯಾವುದು ಈ ಲೈಬ್ರರಿ

ಪ್ರೋಗ್ರಾಂ ಬರೆಯುವವರ ಮಾತಿನಲ್ಲಿ ಲೈಬ್ರರಿ ಎಂದರೆ ಬೇರೆಯವರು ಬರೆದು ಪರೀಕ್ಷಿಸಿ ಇಟ್ಟಿರುವ ಸಿದ್ಧ ಕೆಲಸಗಳ ಕಟ್ಟು. ಗೂಢಲಿಪಿಯ ಗಣಿತವನ್ನು ಪ್ರತಿಯೊಬ್ಬರೂ ತಾವೇ ಬರೆಯಲು ಹೊರಟರೆ ತಪ್ಪು ಖಚಿತ. ಆದ್ದರಿಂದ ಎಲ್ಲರೂ ಇಂಥ ಕಟ್ಟನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿ ಭಾಷೆಯಲ್ಲಿ ಬರೆದ ಓಪನ್‌ಎಸ್‌ಎಸ್‌ಎಲ್. ಆಸ್ಟ್ರೇಲಿಯಾದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ 1995ರಲ್ಲಿ ಆರಂಭಿಸಿದ ಎಸ್‌ಎಸ್‌ಎಲ್‌ಇಎವೈ ಎಂಬ ಲೈಬ್ರರಿಯ ಮುಂದುವರಿಕೆಯಾಗಿ 1998ರ ಡಿಸೆಂಬರ್‌ನಲ್ಲಿ ಇದು ಹುಟ್ಟಿತು. ಅಪಾಚೆ, ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್‌ಗಳು ಇದನ್ನು ಬಳಸುತ್ತವೆ. ಲಿನಕ್ಸ್‌ನ ಬಹುತೇಕ ಎಲ್ಲ ರೂಪಗಳಲ್ಲಿಯೂ ಇದು ಜೊತೆಗೇ ಬರುತ್ತದೆ. ಬ್ರೌಸರ್‌ನ ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಂಡಾಗ ಆಚೆ ಬದಿಯ ಸರ್ವರ್‌ನಲ್ಲಿ ಕೆಲಸ ಮಾಡುತ್ತಿರುವುದು ಎಷ್ಟೋ ಸಲ ಇದೇ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಜಗತ್ತಿನಾದ್ಯಂತ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂಬ ಸೂಚನೆ ಹೊರಟದ್ದು ಈ ಲೈಬ್ರರಿಯ ಕಾರಣದಿಂದಲೇ.

ಈ ಲೈಬ್ರರಿಯಲ್ಲಿ ಎರಡು ಬಗೆಯ ಕೆಲಸವಿದೆ. ಒಂದು ಗೂಢಲಿಪಿಯ ಗಣಿತ. ಇನ್ನೊಂದು, ಆ ಗಣಿತಕ್ಕೆ ಮಾಹಿತಿಯನ್ನು ತಂದು ಸುರಿಯುವ, ಅಲ್ಲಿಂದ ಬಂದದ್ದನ್ನು ಸೇರಬೇಕಾದ ಜಾಗಕ್ಕೆ ಸೇರಿಸುವ ಸಾಗಾಟ. ಈ ಸಾಗಾಟದ ಭಾಗಕ್ಕೆ ಬಿಐಒ ಎಂದು ಹೆಸರು. ಮೂಲಭೂತ ಒಳಹರಿವು-ಹೊರಹರಿವು ಎಂಬುದರ ಸಂಕ್ಷೇಪ ಅದು. ಬಿಐಒಗೆ ಸಂಬಂಧಿಸಿದ ಆಜ್ಞೆಗಳ ಹೆಸರುಗಳಲ್ಲಿ ಪದಗಳ ನಡುವೆ ಅಡಿಗೆರೆ ಇರುತ್ತದೆ. ಓದಲು ಹಗುರವಾಗಲೆಂದು ಇಲ್ಲಿ ಅಡ್ಡಗೆರೆ ಬಳಸಿದ್ದೇನೆ.

ಹರಿವು ಎಂದರೇನು, ಸೋಸುಕ ಎಂದರೇನು

ಕಂಪ್ಯೂಟರ್‌ನಲ್ಲಿ ಮಾಹಿತಿ ಬೈಟ್ ಎಂಬ ಸಣ್ಣ ಘಟಕಗಳಲ್ಲಿ ಸಾಗುತ್ತದೆ. ಇಂಗ್ಲಿಷ್ ಅಕ್ಷರ ಅಥವಾ ಅಂಕಿಯೊಂದಕ್ಕೆ ಒಂದು ಬೈಟ್ ಸಾಕು. ಬೈಟ್‌ಗಳು ಒಂದರ ಹಿಂದೆ ಒಂದು, ಬಂದ ಕ್ರಮ ತಪ್ಪದೆ ಸಾಗುವುದನ್ನು ಹರಿವು ಎನ್ನೋಣ. ಹರಿವಿನ ತುದಿ ಡಿಸ್ಕಿನ ಫೈಲ್ ಆಗಿರಬಹುದು, ದೂರದ ಕಂಪ್ಯೂಟರ್‌ನ ಜೊತೆಗಿನ ಸಂಪರ್ಕ ಆಗಿರಬಹುದು, ಮೆಮೊರಿಯಲ್ಲೇ ಇರುವ ಒಂದು ಜಾಗ ಆಗಿರಬಹುದು. ಬರೆಯುವ ಪ್ರೋಗ್ರಾಂಗೆ ಈ ವ್ಯತ್ಯಾಸ ಕಾಣಿಸಬಾರದು ಎಂಬುದು ಬಿಐಒ ಕಲ್ಪನೆಯ ಗುರಿ. ಯಾವುದಾದರೂ ಸರಿ, ‘ಬರೆ’ ಎಂದರೆ ಬರೆಯಬೇಕು, ‘ಓದು’ ಎಂದರೆ ಓದಿ ಕೊಡಬೇಕು.

ಇಂಥ ತುದಿಗಳಲ್ಲದೆ ನಡುವೆ ಕೂರುವ ಬಿಐಒಗಳೂ ಇವೆ. ಅವು ತಮ್ಮ ಬಳಿ ಬಂದದ್ದನ್ನು ಬೇರೆ ರೂಪಕ್ಕೆ ತಿರುಗಿಸಿ ಮುಂದಿನದಕ್ಕೆ ಕೊಡುತ್ತವೆ. ಇವುಗಳನ್ನು ಸೋಸುಕಗಳು ಎಂದು ಕರೆಯಬಹುದು. ನನ್ನ ಪ್ರೋಗ್ರಾಂನಲ್ಲಿ ಎರಡು ಸೋಸುಕಗಳಿದ್ದವು: ಮೊದಲನೆಯದು ಎಇಎಸ್ ವಿಧಾನದಿಂದ ಗೂಢಲಿಪಿ ಮಾಡುವಂಥದ್ದು, ಎರಡನೆಯದು ಬೇಸ್64 ಎಂಬ ವಿಧಾನದಿಂದ ಯಾವುದೇ ಬೈಟನ್ನು ಇಮೇಲ್‌ನಲ್ಲಿ ಕಳುಹಿಸಬಹುದಾದ ಸಾಮಾನ್ಯ ಅಕ್ಷರಗಳಾಗಿ ಬದಲಿಸುವಂಥದ್ದು. ಇವೆರಡರ ಕೆಳಗೆ ತುದಿಯಾಗಿ ಒಂದು ಫೈಲ್ ಬಿಐಒ. ಮೂರನ್ನೂ ಬಿಐಒ-ಪುಶ್ ಎಂಬ ಕರೆಯಿಂದ ಒಂದಕ್ಕೊಂದು ಜೋಡಿಸಿದರೆ ಸರಪಳಿಯಾಗುತ್ತದೆ. ತಲೆಯಲ್ಲಿರುವ ಗೂಢಲಿಪಿಯ ಬಿಐಒಗೆ ಪಟ್ಟಿಯನ್ನು ಬರೆದರೆ ಸಾಕು, ಅದು ಬೇಸ್64ಕ್ಕೆ, ಬೇಸ್64 ಫೈಲಿಗೆ ತಾನಾಗಿ ದಾಟಿಸುತ್ತಾ ಹೋಗುತ್ತದೆ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ, ಕೊನೆಗೆ ಹೊಲ ಎಂಬ ಕ್ರಮದ ಹಾಗೆಯೇ. ಹೊಲದವನು ತುಂಗಭದ್ರಾ ಅಣೆಕಟ್ಟಿರುವ ಮುನಿರಾಬಾದಿಗೆ ಬಂದು ನೀರು ಹೊರಬೇಕಿಲ್ಲ.

ನೀರಿನ ದಾರಿ ಬೇರೆ, ಚೈನಿನ ದಾರಿ ಬೇರೆ

ಸರಪಳಿ ಎಂದೊಡನೆ ನಮ್ಮ ಕಡೆಯವರಿಗೆ 2024ರ ಆಗಸ್ಟ್ 10ರ ರಾತ್ರಿ ನೆನಪಾಗದೆ ಇರದು. ಅಂದು ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆ ಚೈನಿನೊಳಗೆ ಒಂದು ಹನಿ ನೀರೂ ಹರಿಯುತ್ತಿರಲಿಲ್ಲ. ಗೇಟನ್ನು ಎತ್ತುವ, ಇಳಿಸುವ ಕೆಲಸವಷ್ಟೇ ಅದರದು. ಆದರೂ ಅದು ಹೋದ ಮೇಲೆ ನೀರನ್ನು ನಿಲ್ಲಿಸುವ ಉಪಾಯವೇ ಕೈತಪ್ಪಿತು, ತಾತ್ಕಾಲಿಕ ಗೇಟ್ ಕೂರಿಸುವವರೆಗೆ ಇಡೀ ಪ್ರದೇಶ ಉಸಿರು ಬಿಗಿಹಿಡಿದಿತ್ತು. ಹರಿಯುವ ವಸ್ತುವಿನ ದಾರಿಯೂ ಹರಿವನ್ನು ಆಳುವ ದಾರಿಯೂ ಬೇರೆ ಬೇರೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು.

ಬಿಐಒದಲ್ಲಿಯೂ ಈ ಎರಡು ದಾರಿಗಳಿವೆ. ಬಿಐಒ-ರೀಡ್, ಬಿಐಒ-ರೈಟ್ ಎಂಬ ಕರೆಗಳಲ್ಲಿ ಮಾಹಿತಿ ಹರಿಯುತ್ತದೆ. ಬಿಐಒ-ಕಂಟ್ರೋಲ್ ಎಂಬ ಇನ್ನೊಂದು ಕರೆಯಲ್ಲಿ ಆಜ್ಞೆ ಹೋಗುತ್ತದೆ. ಮಾಹಿತಿಯ ಒಂದು ಬೈಟನ್ನೂ ಅದರ ಜೊತೆ ಕಳುಹಿಸುವುದಿಲ್ಲ. ಪ್ರತಿ ಆಜ್ಞೆಗೂ ಒಂದು ಸಂಖ್ಯೆ ಇದೆ: ಮೊದಲಿನ ಸ್ಥಿತಿಗೆ ಮರಳು ಎಂಬುದು 1, ಮುಗಿಯಿತೇ ಎಂಬ ಪ್ರಶ್ನೆ 2, ಓದಲು ಎಷ್ಟು ಉಳಿದಿದೆ ಎಂಬುದು 10, ಉಳಿದದ್ದನ್ನೆಲ್ಲ ಹೊರದೂಡು ಎಂಬುದು 11, ಬರೆಯಲು ಎಷ್ಟು ಬಾಕಿಯಿದೆ ಎಂಬುದು 13. ಸಂಖ್ಯೆಗಳನ್ನು ನೆನಪಿಡುವುದು ಕಷ್ಟವಾದ್ದರಿಂದ ಬಿಐಒ-ರೀಸೆಟ್, ಬಿಐಒ-ಇಒಎಫ್, ಬಿಐಒ-ಪೆಂಡಿಂಗ್, ಬಿಐಒ-ಫ್ಲಶ್, ಬಿಐಒ-ಡಬ್ಲ್ಯೂಪೆಂಡಿಂಗ್ ಎಂಬ ಹೆಸರುಗಳನ್ನು ಕೊಟ್ಟಿದ್ದಾರೆ. ಹೆಸರು ಯಾವುದೇ ಇರಲಿ, ಒಳಗೆ ಹೋಗುವುದು ಅದೇ ಒಂದು ಕಂಟ್ರೋಲ್ ಕರೆ.

ಸರಪಳಿಯ ತಲೆಗೆ ಒಂದು ಆಜ್ಞೆ ಕೊಟ್ಟಾಗ, ಆ ಬಿಐಒಗೆ ಅದು ಸಂಬಂಧಿಸಿದ್ದಾದರೆ ತನ್ನ ಪಾಲಿನ ಕೆಲಸ ಮಾಡುತ್ತದೆ. ತನಗೆ ಗೊತ್ತಿಲ್ಲದ ಆಜ್ಞೆಯಾದರೆ ಸೋಸುಕವು ಸಾಮಾನ್ಯವಾಗಿ ಅದನ್ನು ಕೆಳಗಿನದಕ್ಕೆ ದಾಟಿಸುತ್ತದೆ. ತುದಿಯ ಬಿಐಒಗೂ ಗೊತ್ತಿಲ್ಲದಿದ್ದರೆ ಸೊನ್ನೆ ಎಂಬ ಉತ್ತರ ಹಿಂತಿರುಗುತ್ತದೆ. ಇದರಿಂದ ಆಗುವ ಅನುಕೂಲವೆಂದರೆ, ಆಜ್ಞೆಯನ್ನು ಪಾಲಿಸುವವರು ಸರಪಳಿಯಲ್ಲಿ ಎಲ್ಲಿದ್ದಾರೆ ಎಂದು ನಾವು ಹುಡುಕಬೇಕಿಲ್ಲ. ಅನಾನುಕೂಲವೂ ಅಲ್ಲೇ ಇದೆ: ಉತ್ತರ ಕೊಟ್ಟವರು ಯಾರು ಎಂಬುದು ಕೇಳಿದವನಿಗೆ ಕಾಣುವುದಿಲ್ಲ. ಉದಾಹರಣೆಗೆ, ‘ಇಂಥ ಸ್ಥಾನಕ್ಕೆ ಹೋಗು’ ಎಂಬ ಬಿಐಒ-ಸೀಕ್ ಆಜ್ಞೆಯನ್ನು ಸೋಸುಕಗಳು ಪಾಲಿಸುವುದಿಲ್ಲ, ಆದರೆ ಸರಪಳಿಯ ತುದಿಯಲ್ಲಿ ಫೈಲ್ ಇದ್ದರೆ ಅದು ಕೆಳಗಿಳಿದು ಹೋಗಿ ಯಶಸ್ವಿಯಾಗಿಬಿಡಬಹುದು. ಫೈಲಿನ ಸ್ಥಾನ ಬದಲಾಯಿತು, ನಡುವಿನ ಗೂಢಲಿಪಿಯ ಸೋಸುಕಕ್ಕೆ ಅದರ ಸುಳಿವೇ ಇಲ್ಲ. ಅಲ್ಲಿಂದ ಮುಂದೆ ಓದಿದ್ದು ಏನಾಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಫ್ಲಶ್: 56 ಬೈಟ್‌ಗಳ ಲೆಕ್ಕ

ಗಂಗಾವತಿ, ಸಿಂಧನೂರು ಕಡೆ ಭತ್ತದ ಚೀಲ ಎಂದರೆ 75 ಕೆ.ಜಿ. ರಾಶಿಯಿಂದ ಚೀಲಕ್ಕೆ ತುಂಬುವ ಹಮಾಲಿ 75 ಕೆ.ಜಿ. ಆಗುವವರೆಗೆ ಬಾಯಿ ಹೊಲಿಯುವುದಿಲ್ಲ. ರಾಶಿ ಮುಗಿದಾಗ ಕೊನೆಯ ಚೀಲದಲ್ಲಿ 30 ಕೆ.ಜಿ. ಮಾತ್ರ ಇದ್ದರೆ ಅದು ಬಾಯಿ ತೆರೆದೇ ನಿಂತಿರುತ್ತದೆ, ಇನ್ನೂ ಭತ್ತ ಬರಬಹುದೆಂದು. “ಮುಗೀತು, ಅಷ್ಟಕ್ಕೇ ಹೊಲಿದುಬಿಡು” ಎಂದು ಯಾರಾದರೂ ಹೇಳಬೇಕು. ಹೇಳದೆ ಲಾರಿ ಹೊರಟರೆ ಆ ಚೀಲ ಕಣದಲ್ಲೇ ಉಳಿಯುತ್ತದೆ.

ಗೂಢಲಿಪಿಯ ಸೋಸುಕದ ಚೀಲ 16 ಬೈಟ್‌ನದು. ನಾನು ಬಳಸಿದ್ದ ವಿಧಾನದಲ್ಲಿ ಎಇಎಸ್ ಒಂದು ಸಲಕ್ಕೆ 16 ಬೈಟ್‌ಗಳ ಗುಂಪನ್ನೇ ತಿರುಗಿಸುತ್ತದೆ, ಕಡಿಮೆಯಿದ್ದರೆ ಕಾಯುತ್ತದೆ. ಬೇಸ್64 ಸೋಸುಕದ ಚೀಲ ಇನ್ನೂ ದೊಡ್ಡದು: ಅದು ಮೂರು ಬೈಟನ್ನು ನಾಲ್ಕು ಅಕ್ಷರಗಳಾಗಿಸುತ್ತದೆ, ರೂಢಿಯ ಕ್ರಮದಲ್ಲಿ 64 ಅಕ್ಷರಗಳ ಒಂದು ಸಾಲು ಪೂರ್ತಿಯಾದ ಮೇಲೆಯೇ ಕೆಳಗೆ ಬಿಡುತ್ತದೆ. ಅಂದರೆ 48 ಬೈಟ್ ಕೂಡುವವರೆಗೆ ತಡೆದಿಟ್ಟುಕೊಳ್ಳುತ್ತದೆ.

ಆ ರಾತ್ರಿಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಕ್ರಮಸಂಖ್ಯೆ, ಗಾಡಿ ನಂಬರು, ಭತ್ತದ ತಳಿ, ನಿವ್ವಳ ತೂಕ ಸೇರಿ ಒಂದು ಸಾಲಿಗೆ ಸರಿಯಾಗಿ 40 ಬೈಟ್ ಬರುವಂತೆ ನಾನು ಜೋಡಿಸಿದ್ದೆ. 37 ಲೋಡಿಗೆ 1480 ಬೈಟ್. ಇದನ್ನು 16ರಿಂದ ಭಾಗಿಸಿದರೆ 92 ಪೂರ್ಣ ಗುಂಪು, ಮಿಕ್ಕದ್ದು 8 ಬೈಟ್. ಆ 8 ಬೈಟ್ ಗೂಢಲಿಪಿಯ ಸೋಸುಕದಲ್ಲೇ ನಿಂತವು. ಉಳಿದ 1472 ಬೈಟ್ ಬೇಸ್64ಕ್ಕೆ ಇಳಿದವು. ಅದನ್ನು 48ರಿಂದ ಭಾಗಿಸಿದರೆ 30 ಪೂರ್ಣ ಸಾಲು, ಮಿಕ್ಕದ್ದು 32 ಬೈಟ್. ಆ 32 ಅಲ್ಲಿ ನಿಂತವು. ಫೈಲಿಗೆ ಮುಟ್ಟಿದ್ದು 30 ಸಾಲು ಮಾತ್ರ.

ಬಿಚ್ಚುವ ಬದಿಯಲ್ಲಿ ಇನ್ನೊಂದು ಕಡಿತವಾಯಿತು. ಗೂಢಲಿಪಿ ಮಾಡುವಾಗ ಕೊನೆಯ ಗುಂಪು ಪೂರ್ತಿಯಾಗದಿದ್ದರೆ ಖಾಲಿ ಜಾಗಕ್ಕೆ ಒಂದು ತುಂಬುವಸ್ತು ಹಾಕುವ ನಿಯಮವಿದೆ: 8 ಬೈಟ್ ಕಡಿಮೆಯಿದ್ದರೆ 8 ಎಂಬ ಬೆಲೆಯ ಎಂಟು ಬೈಟ್, 3 ಕಡಿಮೆಯಿದ್ದರೆ 3 ಎಂಬ ಬೆಲೆಯ ಮೂರು ಬೈಟ್. ಗುಂಪು ಸರಿಯಾಗಿ ತುಂಬಿದ್ದರೂ 16 ಎಂಬ ಬೆಲೆಯ ಹದಿನಾರು ಬೈಟ್‌ಗಳ ಇನ್ನೊಂದು ಗುಂಪನ್ನು ಸೇರಿಸಬೇಕು. ಇಲ್ಲವಾದರೆ ಕೊನೆಯ ಬೈಟ್ ಸರಕೋ ತುಂಬುವಸ್ತುವೋ ಎಂದು ಬಿಚ್ಚುವವನಿಗೆ ತಿಳಿಯುವುದಿಲ್ಲ. ಹಾಗಾಗಿ ಬಿಚ್ಚುವ ಸೋಸುಕವು ಕೊನೆಯದಾಗಿ ಬಂದ ಗುಂಪನ್ನು ಯಾವಾಗಲೂ ಕೈಯಲ್ಲಿ ಹಿಡಿದುಕೊಂಡು, ಹರಿವು ಮುಗಿದ ಮೇಲೆ ಅದರಲ್ಲಿನ ತುಂಬುವಸ್ತುವನ್ನು ಪರೀಕ್ಷಿಸಿ, ಕಳೆದು, ಉಳಿದದ್ದನ್ನು ಕೊಡುತ್ತದೆ. ನನ್ನ ಫೈಲಿನ 30 ಸಾಲುಗಳಲ್ಲಿದ್ದ 1440 ಬೈಟ್‌ಗಳ ಕೊನೆಯ ಗುಂಪಿನಲ್ಲಿ ತುಂಬುವಸ್ತು ಇರಲೇ ಇಲ್ಲ. ಪರೀಕ್ಷೆ ವಿಫಲವಾಯಿತು, ಆ 16 ಬೈಟ್ ಹೊರಬರಲಿಲ್ಲ. 8, 32, 16 ಸೇರಿ ಒಟ್ಟು 56 ಬೈಟ್ ನಷ್ಟ; ಕೈಗೆ ಬಂದದ್ದು 1424 ಬೈಟ್, ಅಂದರೆ ಪೂರ್ತಿ 35 ಸಾಲು ಮತ್ತು 36ನೆಯದರ ಮೊದಲ 24 ಅಕ್ಷರ. ಅರ್ಧ ಸಾಲನ್ನು ನನ್ನ ಪ್ರೋಗ್ರಾಂ ಕಸವೆಂದು ಬಿಟ್ಟುಬಿಟ್ಟಿತು. ಗುಮಾಸ್ತರು ಹೇಳಿದ ಮೂವತ್ತೈದು ಎಂಬ ಲೆಕ್ಕ ಹೀಗೆ ಬಂದದ್ದು.

“ಮುಗೀತು, ಹೊಲಿದುಬಿಡು” ಎಂದು ಹೇಳುವ ಆಜ್ಞೆಯೇ ಬಿಐಒ-ಫ್ಲಶ್. ಅದನ್ನು ನಾನು ಕೊಡಲಿಲ್ಲವೇ ಎಂದರೆ, ಕೊಟ್ಟಿದ್ದೆ. ಆದರೆ ಕೊಟ್ಟದ್ದು ಸರಪಳಿಯ ತುದಿಯಲ್ಲಿದ್ದ ಫೈಲ್ ಬಿಐಒಗೆ. ಫೈಲಿಗೆ ಬರೆಯುವುದಲ್ಲವೇ, ಫೈಲಿಗೇ ಹೇಳಿದರಾಯಿತು ಎಂದು ಅಂದು ನನಗೆ ಸಹಜವಾಗಿ ತೋರಿತ್ತು. ಆಜ್ಞೆಗಳು ತಲೆಯಿಂದ ಕೆಳಕ್ಕೆ ಇಳಿಯುತ್ತವೆ, ಕೆಳಗಿನಿಂದ ಮೇಲಕ್ಕೆ ಏರುವುದಿಲ್ಲ. ಹೊಲಗಾಲುವೆಯ ತೂಬನ್ನು ಪೂರ್ತಿ ತೆಗೆದಿಟ್ಟು, ಮೇಲಿನ ಉಪಕಾಲುವೆಯ ಗೇಟ್ ಮುಚ್ಚಿದ್ದರೆ ಬರುವುದು ಹೊಲಗಾಲುವೆಯಲ್ಲಿ ನಿಂತಿದ್ದ ನೀರಷ್ಟೇ. ತಲೆಗೆ ಫ್ಲಶ್ ಕೊಟ್ಟಾಗ ಏನಾಗುತ್ತದೆಂದರೆ, ಗೂಢಲಿಪಿಯ ಸೋಸುಕ ತನ್ನ ಕೊನೆಯ ಗುಂಪನ್ನು ತುಂಬುವಸ್ತುವಿನೊಂದಿಗೆ ಮುಗಿಸಿ ಕೆಳಗೆ ಬಿಟ್ಟು, ಆಮೇಲೆ ಆಜ್ಞೆಯನ್ನು ಬೇಸ್64ಕ್ಕೆ ದಾಟಿಸುತ್ತದೆ. ಬೇಸ್64 ತನ್ನ ಕೊನೆಯ ಸಾಲನ್ನು ಮುಗಿಸಿ ಆಜ್ಞೆಯನ್ನು ಫೈಲಿಗೆ ದಾಟಿಸುತ್ತದೆ. ಈ ಕ್ರಮವೇ ಮುಖ್ಯ. ಮೇಲಿನದು ಬಿಡುವ ಮೊದಲೇ ಕೆಳಗಿನದು ಅಂಗಡಿ ಮುಚ್ಚಿದರೆ ಬಂದ ಸರಕನ್ನು ಇಳಿಸಿಕೊಳ್ಳುವವರಿರುವುದಿಲ್ಲ.

ಬಳಕೆ ಮುಗಿದ ಮೇಲೆ ಸರಪಳಿಯನ್ನು ಬಿಐಒ-ಫ್ರೀ-ಆಲ್ ಎಂಬ ಕರೆಯಿಂದ ಬಿಡುಗಡೆ ಮಾಡುತ್ತೇವಲ್ಲ, ಆಗಲಾದರೂ ಉಳಿದದ್ದು ಹೊರಬರಬಾರದೇ ಎಂದು ಕೇಳಬಹುದು. ಬರುವುದಿಲ್ಲ. ಬಿಡುಗಡೆ ಎಂದರೆ ಹಿಡಿದಿಟ್ಟ ಮೆಮೊರಿಯನ್ನು ಹಿಂದಿರುಗಿಸುವುದು. ಸೋಸುಕದೊಳಗೆ ಅರ್ಧ ಚೀಲ ಇದ್ದರೆ ಅದನ್ನೂ ಸೇರಿಸಿ ಹಿಂದಿರುಗಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಿಐಒ-ಫ್ಲಶ್‌ಗೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಮಾಹಿತಿಯನ್ನು ಬದಲಿಸದೆ ಕೇವಲ ಕೂಡಿಟ್ಟು ಒಟ್ಟಿಗೆ ಬಿಡುವ ಬಫರ್ ಸೋಸುಕಕ್ಕೆ ಫ್ಲಶ್ ಎಂದರೆ ‘ಈಗಿರುವುದನ್ನು ಬಿಡು’ ಎಂದಷ್ಟೇ. ಎಷ್ಟು ಸಲ ಬೇಕಾದರೂ ಹೇಳಬಹುದು. ಗೂಢಲಿಪಿಗೂ ಬೇಸ್64ಕ್ಕೂ ಅದೇ ಆಜ್ಞೆ ‘ಇನ್ನು ಬರುವುದೇನೂ ಇಲ್ಲ’ ಎಂಬ ಘೋಷಣೆ. ಪ್ರತಿ ಲೋಡಿಗೂ ಒಮ್ಮೆ ಫ್ಲಶ್ ಮಾಡಿದರೆ ಸುರಕ್ಷಿತವಲ್ಲವೇ ಎಂದು ಯೋಚಿಸಿ ಹಾಗೆ ಮಾಡಿದವರು ನಡುವೆಯೇ ತುಂಬುವಸ್ತು ಸೇರಿಸಿಕೊಂಡು ಫೈಲನ್ನು ಕೆಡಿಸಿಕೊಳ್ಳುತ್ತಾರೆ. ಎರಡು ಅರ್ಥಗಳಿಗೆ ಎರಡು ಹೆಸರು ಇಟ್ಟಿದ್ದರೆ ಒಳ್ಳೆಯದಿತ್ತು ಎಂಬುದು ನನ್ನ ಅನಿಸಿಕೆ. ಹೆಸರಂತೂ ಒಂದೇ ಇದೆ.

ಗೇಜ್ ಓದುವುದು

ತುಂಗಭದ್ರಾ ಎಡದಂಡೆ ಕಾಲುವೆಯ 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ಗೇಜ್ ಎಷ್ಟಿದೆ ಎಂಬುದು ಹಂಗಾಮಿನಲ್ಲಿ ಕೆಳಭಾಗದ ರೈತರ ಮೊದಲ ಪ್ರಶ್ನೆ. ಗೇಜ್ ಓದುವುದರಿಂದ ನೀರು ಕದಲುವುದಿಲ್ಲ, ಎಷ್ಟಿದೆ ಎಂಬುದು ತಿಳಿಯುತ್ತದೆ. ಬಿಐಒ-ಪೆಂಡಿಂಗ್ ಮತ್ತು ಬಿಐಒ-ಡಬ್ಲ್ಯೂಪೆಂಡಿಂಗ್ ಅಂಥ ಗೇಜುಗಳು: ಮೊದಲನೆಯದು ಓದಲು ಸಿದ್ಧವಾಗಿ ನಿಂತಿರುವುದನ್ನೂ ಎರಡನೆಯದು ಬರೆಯಲು ಬಾಕಿ ಉಳಿದಿರುವುದನ್ನೂ ಹೇಳುತ್ತವೆ.

ನನ್ನ ದೋಷ ಸಿಕ್ಕಿದ್ದು ಎರಡನೆಯದರಿಂದ. ಫೈಲಿಗೆ ಫ್ಲಶ್ ಆದ ನಂತರದ ಸಾಲಿನಲ್ಲಿ, ಬರೆಯಲು ಬಾಕಿ ಎಷ್ಟು ಎಂದು ಸರಪಳಿಯ ತಲೆಯನ್ನು ಕೇಳಿಸಿದೆ. ಉತ್ತರ 1 ಎಂದು ಬಂತು. ಒಂದೇ ಒಂದು ಬೈಟ್ ಬಾಕಿಯೆಂದು ಮೊದಲು ಅರ್ಥಮಾಡಿಕೊಂಡು ಅರ್ಧ ಗಂಟೆ ಹಾಳು ಮಾಡಿದೆ. ವಾಸ್ತವದಲ್ಲಿ, ಅಪೂರ್ಣ ಸಾಲು ಒಳಗಿರುವಾಗ ಬೇಸ್64 ಸೋಸುಕವು ಎಷ್ಟು ಬೈಟ್ ಎಂದು ಎಣಿಸಿ ಹೇಳುವುದಿಲ್ಲ, ‘ಏನೋ ಇದೆ’ ಎಂಬುದಕ್ಕೆ 1 ಎಂದು ಹೇಳುತ್ತದೆ. ಇದು ಅಡಿಗಳ ಗೇಜ್ ಅಲ್ಲ, ನೀರಿದೆಯೋ ಇಲ್ಲವೋ ಎಂಬುದನ್ನು ತಿಳಿಸುವ ಕಡ್ಡಿ. ಎಲ್ಲ ಬಿಐಒಗಳೂ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ ಎಂಬುದನ್ನೂ ಇದರೊಂದಿಗೆ ನೆನಪಿಡಬೇಕು.

ಸರದಿ ಬಂದಿಲ್ಲವೋ, ಹಂಗಾಮೇ ಮುಗಿಯಿತೋ

ಇಲ್ಲಿಯವರೆಗೆ ಬರೆಯುವ ಬದಿಯ ಮಾತಾಯಿತು. ಓದುವ ಬದಿಯಲ್ಲಿ ತೊಡಕು ಬೇರೆ ರೀತಿಯದು. ಉಪಕಾಲುವೆಯ ಬಳಿ ಹೋದ ರೈತನಿಗೆ ಕಾಲುವೆ ಒಣಗಿದ್ದು ಕಂಡರೆ ಎರಡು ಅರ್ಥಗಳಿರುತ್ತವೆ. ಸರದಿಯ ಮೇಲೆ ನೀರು ಬಿಡುತ್ತಿದ್ದು, ಇಂದು ಈ ಉಪಕಾಲುವೆಯ ಸರದಿ ಇಲ್ಲದಿರಬಹುದು. ಅಥವಾ ಹಂಗಾಮೇ ಮುಗಿದು ನೀರು ನಿಲ್ಲಿಸಿರಬಹುದು. ಮೊದಲನೆಯದಾದರೆ ಕಾಯಬೇಕು, ಎರಡನೆಯದಾದರೆ ಮನೆಗೆ ಹೋಗಬೇಕು. ಕಾಲುವೆಯನ್ನು ನೋಡಿದರೆ ಗೊತ್ತಾಗದು, ನೀರಗಂಟಿಯನ್ನು ಕೇಳಬೇಕು.

ಬಿಐಒ-ರೀಡ್‌ಗೆ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಉತ್ತರ ಬಂದಾಗಲೂ ಇದೇ ಸಂದೇಹ. ದೂರದ ಕಂಪ್ಯೂಟರ್‌ನಿಂದ ಮಾಹಿತಿ ಇನ್ನೂ ಬಂದಿಲ್ಲದಿರಬಹುದು ಅಥವಾ ಸಂಪರ್ಕ ಕಡಿದಿರಬಹುದು. ಆಗ ಕೇಳಬೇಕಾದ ನೀರಗಂಟಿ ಬಿಐಒ-ಶುಡ್-ರಿಟ್ರೈ ಎಂಬ ಕರೆ. ಅದು ಹೌದೆಂದರೆ ಮತ್ತೆ ಪ್ರಯತ್ನಿಸಬೇಕು, ಅಲ್ಲವೆಂದರೆ ಹರಿವು ಮುಗಿದಿದೆ ಅಥವಾ ದೋಷವಾಗಿದೆ. ಮೆಮೊರಿ ಬಿಐಒದಲ್ಲಿ ಈ ವಿಷಯವನ್ನು ನಾವೇ ಗೊತ್ತುಮಾಡಬಹುದು: ಅದು ಖಾಲಿಯಾದಾಗ ರೂಢಿಯಂತೆ -1 ಎಂದು ಹೇಳಿ ‘ಮತ್ತೆ ಬಾ’ ಎಂದು ಸೂಚಿಸುತ್ತದೆ, ಏಕೆಂದರೆ ಅದಕ್ಕೆ ಯಾರಾದರೂ ಇನ್ನಷ್ಟು ಬರೆಯಬಹುದು, ಬಿಐಒ-ಸೆಟ್-ಮೆಮ್-ಇಒಎಫ್-ರಿಟರ್ನ್ ಎಂಬ ಆಜ್ಞೆಯಲ್ಲಿ ಸೊನ್ನೆ ಕೊಟ್ಟರೆ ಖಾಲಿಯಾದದ್ದೇ ಮುಕ್ತಾಯವೆಂದು ಅದು ತಿಳಿಯುತ್ತದೆ. ಓದಲೆಂದೇ ಮಾಡಿದ ಮೆಮೊರಿ ಬಿಐಒ ಮೊದಲಿನಿಂದಲೂ ಹಾಗೆಯೇ ನಡೆದುಕೊಳ್ಳುತ್ತದೆ.

ಗೂಢಲಿಪಿ ಬಿಚ್ಚುವ ಸೋಸುಕದಲ್ಲಿ ಮಾತ್ರ ಮೂರನೆಯ ಅರ್ಥವೊಂದು ಸೇರಿಕೊಳ್ಳುತ್ತದೆ. ಅದು ಎಲ್ಲವನ್ನೂ ಸರಿಯಾಗಿ ಬಿಚ್ಚಿ ಮುಗಿಸಿದಾಗ ಸೊನ್ನೆ ಕೊಡುತ್ತದೆ. ಕೊನೆಯ ಗುಂಪಿನ ತುಂಬುವಸ್ತು ತಪ್ಪಾಗಿದ್ದಾಗಲೂ ಸೊನ್ನೆಯನ್ನೇ ಕೊಡುತ್ತದೆ. ಯಾವುದೆಂದು ತಿಳಿಯಲು ಬಿಐಒ-ಗೆಟ್-ಸೈಫರ್-ಸ್ಟೇಟಸ್ ಎಂಬ ಇನ್ನೊಂದು ಆಜ್ಞೆ ಕೊಟ್ಟು, ಉತ್ತರ 1 ಬಂದರೆ ಮಾತ್ರ ಸರಿಯಾಗಿದೆ ಎಂದು ತಿಳಿಯಬೇಕು. ರಾಯಚೂರಿನ ಬದಿಗೆ ನಾನು ಬರೆದ ಪ್ರೋಗ್ರಾಂ ಸೊನ್ನೆ ಬಂದೊಡನೆ ‘ಮುಗಿಯಿತು’ ಎಂದುಕೊಂಡು ಆರಾಮವಾಗಿ ನಿಂತುಬಿಡುತ್ತಿತ್ತು. ಈ ಒಂದು ಪ್ರಶ್ನೆಯನ್ನು ಕೇಳಿದ್ದರೆ ಮೊದಲ ದಿನವೇ, ಮೊದಲ ಫೈಲಿನಲ್ಲಿಯೇ ದೋಷ ಬಯಲಾಗುತ್ತಿತ್ತು. ಬರೆಯುವ ಬದಿಯ ತಪ್ಪಿಗಿಂತ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ, ಏಕೆಂದರೆ ಸಾಲು ಕಳೆದದ್ದು ಅಲ್ಲಿಯಾದರೂ ಅದು ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಹೋದದ್ದು ಇಲ್ಲಿ.

ಸೊನ್ನೆಗೆ ಎಷ್ಟು ಅರ್ಥ

ಕಂಟ್ರೋಲ್ ಕರೆಗಳ ಉತ್ತರಗಳಲ್ಲಿ ಸೊನ್ನೆ ಅತ್ಯಂತ ಗೊಂದಲದ್ದು. ಆಜ್ಞೆ ಗೊತ್ತಿಲ್ಲ ಎಂಬುದಕ್ಕೂ ಸೊನ್ನೆ, ವಿಫಲವಾಯಿತು ಎಂಬುದಕ್ಕೂ ಸೊನ್ನೆ, ‘ಇನ್ನೂ ಮುಗಿದಿಲ್ಲ’ ಎಂಬುದಕ್ಕೂ ಸೊನ್ನೆ. ಇವೆಲ್ಲದರ ನಡುವೆ ಯಶಸ್ಸಿಗೂ ಸೊನ್ನೆ ಕೊಡುವವರಿದ್ದಾರೆ. ಬಿಐಒ-ರೀಸೆಟ್ ಯಶಸ್ವಿಯಾದರೆ ಸಾಮಾನ್ಯವಾಗಿ 1 ಬರುತ್ತದೆ, ಫೈಲ್ ಬಿಐಒ ಮಾತ್ರ ಯಶಸ್ಸಿಗೆ 0, ಸೋಲಿಗೆ -1 ಎನ್ನುತ್ತದೆ. ಫೈಲಿನೊಳಗೆ ಸ್ಥಾನ ಬದಲಿಸುವ ಸಿ ಭಾಷೆಯ ಹಳೆಯ ಕರೆ ಯಶಸ್ಸಿಗೆ ಸೊನ್ನೆ ಕೊಡುವ ರೂಢಿಯದು. ಫೈಲ್ ಬಿಐಒ ಅದನ್ನೇ ಕರೆದು, ಬಂದ ಉತ್ತರವನ್ನು ಬದಲಿಸದೆ ನಮಗೆ ದಾಟಿಸುತ್ತದೆ. ಫೈಲ್ ಬಿಐಒದ ಬಿಐಒ-ಸೀಕ್‌ಗೂ ಇದೇ ಕತೆ.

ರೀಸೆಟ್‌ನ ಪರಿಣಾಮವೂ ಎಲ್ಲ ಕಡೆ ಒಂದೇ ಅಲ್ಲ. ಫೈಲಿಗೆ ಹೇಳಿದರೆ ಓದುವ ಸ್ಥಾನ ಮೊದಲಿಗೆ ಮರಳುತ್ತದೆ, ಒಳಗಿರುವುದು ಹಾಗೆಯೇ ಇರುತ್ತದೆ. ಬರೆಯಲು ತೆರೆದ ಮೆಮೊರಿ ಬಿಐಒಗೆ ಹೇಳಿದರೆ ರೂಢಿಯಂತೆ ಒಳಗಿದ್ದದ್ದೇ ಅಳಿಸಿಹೋಗುತ್ತದೆ. ಮೊದಲಿನಿಂದ ಇನ್ನೊಮ್ಮೆ ಓದೋಣವೆಂದು ರೀಸೆಟ್ ಮಾಡಿದವನಿಗೆ ಸಿಗುವುದು ಖಾಲಿ ಜಾಗ.

ಇನ್ನೆರಡು ಮಾತು

ಬಿಐಒವನ್ನು ಬಿಡುಗಡೆ ಮಾಡುವಾಗ ಅದರ ಕೆಳಗಿನ ಫೈಲನ್ನೂ ಮುಚ್ಚಬೇಕೇ ಬೇಡವೇ ಎಂಬುದನ್ನು ಬಿಐಒ-ಸೆಟ್-ಕ್ಲೋಸ್ ಗೊತ್ತುಮಾಡುತ್ತದೆ. ಲೀಜಿಗೆ ಹಾಕಿಕೊಂಡ ಹೊಲವನ್ನು ಬಿಡುವಾಗ ಪಂಪ್‌ಸೆಟ್ ಕಿತ್ತುಕೊಂಡು ಹೋಗಬೇಕೋ, ಮಾಲೀಕನಿಗೆ ಬಿಡಬೇಕೋ ಎಂದು ಮೊದಲೇ ಮಾತಾಡಿಕೊಂಡ ಹಾಗೆ. ಫೈಲನ್ನು ತೆರೆದವರು ಬೇರೆಯವರಾಗಿದ್ದರೆ ಅದನ್ನು ಮುಚ್ಚುವ ಹಕ್ಕೂ ಅವರದೇ ಆಗಿರಲೆಂದು ನೋಕ್ಲೋಸ್ ಎಂಬ ಗುರುತನ್ನು ಇಡುತ್ತಾರೆ.

ಸ್ವಂತ ಬಿಐಒ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. 2016ರಲ್ಲಿ ಬಂದ 1.1.0 ಆವೃತ್ತಿಯಿಂದ ಬಿಐಒದ ಒಳರಚನೆಯನ್ನು ಹೊರಗಿನವರು ನೇರವಾಗಿ ಮುಟ್ಟುವಂತಿಲ್ಲ. ಓದುವುದು, ಬರೆಯುವುದು, ಆಜ್ಞೆ ಪಾಲಿಸುವುದು ಎಂಬ ಕೆಲಸಗಳನ್ನು ಲೈಬ್ರರಿ ಒದಗಿಸಿರುವ ಕರೆಗಳ ಮೂಲಕ ನೋಂದಾಯಿಸಬೇಕು. ಓದು-ಬರಹಗಳನ್ನು ಕಷ್ಟಪಟ್ಟು ಬರೆದು, ಆಜ್ಞೆಯ ಭಾಗದಲ್ಲಿ ಎಲ್ಲದಕ್ಕೂ ಸೊನ್ನೆ ಎಂದು ಬರೆದು ಮುಗಿಸುವವರು ಬಹಳ. ಆಗ ಟಿಎಲ್‌ಎಸ್ ಸಂಪರ್ಕದ, ಅಂದರೆ ಬ್ರೌಸರ್‌ನ ಬೀಗದ ಗುರುತಿನ ಹಿಂದಿರುವ ಗೂಢಲಿಪಿಯ ಸಂಪರ್ಕದ, ಮೊದಲ ಹಂತವಾದ ಹ್ಯಾಂಡ್‌ಶೇಕ್ ಕೂಡ ಪೂರ್ತಿಯಾಗುವುದಿಲ್ಲ, ಏಕೆಂದರೆ ಲೈಬ್ರರಿಯು ಆ ಹಂತದಲ್ಲಿ ತಾನೇ ಫ್ಲಶ್ ಆಜ್ಞೆ ಕೊಟ್ಟು ಉತ್ತರಕ್ಕೆ ಕಾಯುತ್ತದೆ, ಸೊನ್ನೆ ಬಂದರೆ ಸೋಲೆಂದು ತಿಳಿಯುತ್ತದೆ. ತಡೆದಿಟ್ಟುಕೊಂಡದ್ದು ಏನೂ ಇಲ್ಲದಿದ್ದರೂ ಫ್ಲಶ್‌ಗೆ 1 ಎಂದು ಉತ್ತರಿಸಲೇಬೇಕು.

ಗಿರಣಿಯ ಪ್ರೋಗ್ರಾಂನಲ್ಲಿ ನಾನು ಬದಲಿಸಿದ್ದು ಒಂದೇ ಪದ: ಫ್ಲಶ್ ಆಜ್ಞೆಯಲ್ಲಿ ಫೈಲ್ ಬಿಐಒದ ಹೆಸರಿದ್ದ ಜಾಗದಲ್ಲಿ ಸರಪಳಿಯ ತಲೆಯ ಹೆಸರು. ರಾಯಚೂರಿನ ಪ್ರೋಗ್ರಾಂಗೆ ಸೈಫರ್-ಸ್ಟೇಟಸ್ ಕೇಳುವ ನಾಲ್ಕು ಸಾಲು ಸೇರಿಸಿದೆ. ಅದೇ ರಾತ್ರಿಯ 37 ಲೋಡುಗಳ ಪಟ್ಟಿಯನ್ನು ಮತ್ತೆ ಓಡಿಸಿದಾಗ 8 ಬೈಟ್‌ಗಳ ತುಂಬುವಸ್ತು ಸೇರಿ 1488 ಬೈಟ್‌ಗಳ ಗೂಢಲಿಪಿಯಾಯಿತು, ಸರಿಯಾಗಿ 31 ಬೇಸ್64 ಸಾಲು. ಸಾಲಿನ ಕೊನೆಯ ಗುರುತನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಳೆಯ ಫೈಲ್ 1950 ಬೈಟ್ ಇತ್ತು, ಹೊಸದು 2015. ಹಿಂದಿನ ದಿನಗಳ ಮೂಲ ಪಟ್ಟಿಗಳು ಕಾಟಾದ ಕಂಪ್ಯೂಟರ್‌ನಲ್ಲೇ ಇದ್ದವು. ಅವನ್ನೂ ಒಂದೊಂದಾಗಿ ಓಡಿಸಿ ಕಳುಹಿಸಿದೆ.